ಹತ್ತಿ, ಕರ್ಪೂರ ಮತ್ತ ನಮ್ಮ ಸೈಕಲ್ ಬಸ್ಯಾ

ಹ್ವಾದ ವರ್ಷ ಗಣಪತಿ ಹಬ್ಬಕ್ಕ ಎಂಟು ದಿನ ಇದ್ದಾಗ ಲಾಫ್ಟಿನ ಮ್ಯಾಲಿನ ಟ್ರಂಕ ಇಳಿಸಿದ್ವಿ. ಮಂಟಪದ ಮುಂದ ಇಡೂ ಗೊಂಬಿ, ಬಣ್ಣದ ಕಾಗದದ ಮಾಲಿ, ಹಿತ್ತಾಳಿ ಗಂಟಿ ಎಲ್ಲಾ ಅದರಾಗ ಇರ್ತಾವು. ಮುಚ್ಚಳ ತಗದ ಕೂಡಲೇ ಮೂಗಿಗಿ ಒಂದು ಘಾಟು ಬಡೀತು. ಒಂದಿಷ್ಟು ಕರ್ಪೂರದ ವಾಸನಿ, ಅದರ ಕೂಡ ಗಂಟಲಾ ಕೆರಿಯೋ ಹುಳಿ ವಾಸನಿ. ಇಲಿ ಗಿಲಿ ಸತ್ತೈತೇನ ಅಂತ ಒಂದೊಂದ ಸಾಮಾನ ಸರಿಸಿ ನೋಡಿದೆ. ಇಲಿ ಅಲ್ಲ, ವಾಸನಿ ಬರ್ತಿದ್ದದ್ದು ನಮ್ಮ ಸೈಕಲ್ ಬಸ್ಯಾನ ಡಬ್ಬಿಯಿಂದ.

ಬಸ್ಯಾ ಅಂದ್ರ ಮನಶ್ಯಾ ಅಲ್ರಿ. ತಗಡಿನ ಮೂರುಗಾಲಿ ಸೈಕಲ್ ಮ್ಯಾಲ ಕುಂತಿರೋ, ಗೇಣಿಗಿಂತ ಸಣ್ಣ ಗೊಂಬಿ ಹುಡುಗ. ಸೈಕಲ್ ತಗಡಿಂದು, ಹುಡುಗ ಮಾತ್ರ ಪ್ಲಾಸ್ಟಿಕಿನಂಥಾದ್ದು. ಹಗೂರ, ಒಳಗ ಟೊಳ್ಳು, ತತ್ತಿ ಸಿಪ್ಪಿ ಹಂಗ ತೆಳ್ಳಗ. ಮಗ್ಗಲಿಗಿ ಚಾವಿ ಐತಿ. ತಿರುವಿ ಬಿಟ್ರ ಕಾಲು ಆಡಿಸ್ಕೋತ, ಹಿಂದಿನ ಗಂಟಿ ಟಿಣ್ ಟಿಣ್ ಅನಿಸ್ಕೋತ ಪಡಸಾಲಿ ತುಂಬ ದುಂಡಗ ಸುತ್ತತಿದ್ದ. ಸೈಕಲ್ಲಿನ ಬುಡಕ ಇಂಗ್ಲಿಷಿನ್ಯಾಗ ‘ಜಪಾನ್’ ಅಂತ ಒತ್ತೈತಿ.

ಇದನ್ನ ತಂದಾವ್ರು ನಮ್ಮ ಅತ್ತಿಯ ಅಣ್ಣ. ಪುಣೆದಾಗ ಓದ್ತಿದ್ರು. ಆವಾಗ ನಮ್ಮ ಜಮಖಂಡಿ ಪಟವರ್ಧನರ ಸಂಸ್ಥಾನ, ಪುಣೆ ಅಂದ್ರ ನಮ್ಮವರಿಗಿ ಮಗ್ಗಲ ಮನಿ ಇದ್ದಂಗ. ಅಲ್ಲಿಯ ಎಸ್.ಪಿ. ಕಾಲೇಜಿಗಿ ಇವತ್ತೂ ಇರೋ ಹೆಸರು ಜಮಖಂಡಿ ಪಟವರ್ಧನ ಮನೆತನದ್ದು. 1939ರ ದೀಪಾವಳಿ ಸೂಟಿಗಿ ಅವರು ಮೀರಜಿನಿಂದ ರೈಲಿನ್ಯಾಗ ಕುಡಚಿಗಿ ಬಂದು, ಅಲ್ಲಿಂದ ಚಕ್ಕಡಿ ಹಿಡಕೊಂಡು ತೇರದಾಳ ಕಡೆ ಊರು ಮುಟ್ಟಿದಾಗ, ಚೀಲದಾಗ ಐದು ವರ್ಷದ ತಂಗಿಗಿ ಅಂತ ಈ ಬಸ್ಯಾ ಇದ್ದ. ಮುಂದ ಎರಡ ವರ್ಷಕ್ಕ ಅಣ್ಣ ವಿಷಮಜ್ವರದಾಗ ತೀರಿಕೊಂಡ್ರು. ಅವರದೊಂದು ಫೋಟೋ ಸುದ್ದಾ ಇಲ್ಲ. ಅತ್ತಿ ಮದವಿಯಾಗಿ ಹುನ್ನೂರಿಗಿ ಬರೂ ಮುಂದ ಬಸ್ಯಾನ್ನ ಸೀರಿ ಗಂಟಿನ್ಯಾಗ ಕಟಗೊಂಡು ಬಂದಾರ. ಈಗ ಅವರಿಗಿ ತೊಂಬತ್ತು ದಾಟೈತಿ. ಪ್ರತಿ ಗಣಪತಿಗಿ ಬಸ್ಯಾನ್ನ ಮಂಟಪದ ಮುಂದ ಇಡಬೇಕು, ಇಟ್ಟ ಮ್ಯಾಲ ಅತ್ತಿ ಒಂದ ಸರ್ತಿ ಬಂದು ನೋಡಬೇಕು. ಅದು ನಮ್ಮ ಮನಿ ಪದ್ಧತಿ.

ಡಬ್ಬಿ ತಗದ್ರ ಏನ ಹೇಳ್ಲಿ! ಗುಲಾಬಿ ಬಣ್ಣದ ಮಾರಿ ಕಡಕ್ ಚಹಾದ ಬಣ್ಣಕ್ಕ ತಿರುಗಿತ್ತು. ಮೈ ತುಂಬ ಜೇಡರ ಬಲಿ ಹಂಗ ಬಿರುಕು. ಒಂದ ಕೈ ಉದುರಿ ಬಿದ್ದಿತ್ತು, ಕಿವಿ ಮುಟ್ಟಿದ್ರ ಪುಡಿ ಪುಡಿ. ಸುತ್ತಿದ ಕಾಗದ ಹಪ್ಪಳ ಮುರದಂಗ ಮುರೀತಿತ್ತು. ಅದಕ್ಕಿಂತ ಸೋಜಿಗ ಅಂದ್ರ ಸೈಕಲ್ಲಿನ ಬ್ಯಾರೆ ಕಡೆ ತಗಡು ಚೊಲೋ ಇತ್ತು, ಬಸ್ಯಾ ಕುಂತ ಜಾಗಾ ಮಾತ್ರ ತುಕ್ಕು ಹಿಡದಿತ್ತು. ಅದ ಡಬ್ಬಿಯಾಗ ಇಟ್ಟಿದ್ದ ಹಿತ್ತಾಳಿ ಗಂಟಿ ಹಸರಗ ಆಗಿತ್ತು.

ಅತ್ತಿ ನೋಡೂದ್ರೊಳಗ ಒಂದಿಷ್ಟು ಸ್ವಚ್ಛರೆ ಮಾಡೂಣು ಅಂತ ನಾ ಒಂದ ಶಾಣ್ಯಾತನ ಮಾಡಿದೆ. ಗಲ್ಲದ ಮ್ಯಾಲ ಕಂದು ಕಲಿ ಇತ್ತಲ್ಲ, ಮಗಳು ಬಿಟ್ಟಹೋಗಿದ್ದ ಉಗುರಬಣ್ಣ ತಗಿಯೋ ನೀರನ್ನ ಹತ್ತಿಗಿ ಹಚ್ಚಿ ಒರಸಿದೆ. ಕಲಿ ಹೋಗಲಿಲ್ಲ, ಗಲ್ಲಾ ಹೋತು! ಬೆಲ್ಲದ ಪಾಕದಂಗ ಮೆತ್ತಗಾಗಿ ಹತ್ತಿ ಎಳಿ ಅದಕ್ಕ ಅಂಟಿಕೊಂಡ್ವು. ಕೈ ನಡಗಾಕ ಹತ್ತಿದ್ವು. ಎಂಬತ್ತು ವರ್ಷದ ಮ್ಯಾಲ ಉಳದಿದ್ದ ಮಾರಿಯನ್ನ ನಾ ಅರ್ಧ ನಿಮಿಷದಾಗ ಕೆಡಿಸಿದ್ದೆ.

ಮಗಳು ಧಾರವಾಡದಾಗ ರಸಾಯನಶಾಸ್ತ್ರ ಕಲಿಸ್ತಾಳ. ಫೋನ್ ಮಾಡಿ ಅಳೂ ಹಂಗ ಹೇಳಿದೆ. ಆಕಿ ಮದಲ ಕೇಳಿದ್ದು, “ಅವ್ವಾ, ಅದಕ್ಕ ಕರ್ಪೂರದ ವಾಸನಿ ಬರ್ತೈತೇನು?” ಅಂತ. ಬರ್ತೈತಿ ಅಂದೆ. “ಹಂಗಾದ್ರ ಅದು ಸೆಲ್ಯುಲಾಯ್ಡ್. ದೀಪದ ಮುಂದ ಮಾತ್ರ ಇಡಬ್ಯಾಡ. ನೀ ಹಚ್ಚಿದ್ದು ಅಸಿಟೋನ್. ಉಗುರಬಣ್ಣ ಮತ್ತ ಬಸ್ಯಾ ಒಂದ ಬಳ್ಳಿ ಕಾಯಿ, ಒಂದನ್ನ ಕರಗಿಸೂದು ಇನ್ನೊಂದನ್ನೂ ಕರಗಿಸ್ತೈತಿ” ಅಂದ್ಲು. ಆವತ್ತು ಸುರು ಆದ ನನ್ನ ಅಭ್ಯಾಸ ಇನ್ನೂ ಮುಗದಿಲ್ಲ. ನಾ ಪಿ.ಯು.ಸಿ. ಆರ್ಟ್ಸ್ ಓದಿದಾಕಿ, ತಿಳೀದದ್ದು ಮಗಳನ್ನ ಕೇಳಿ ಕೇಳಿ ತಿಳಕೊಂಡದ್ದನ್ನ ಇಲ್ಲಿ ಬರದೀನಿ.

ಪ್ಲಾಸ್ಟಿಕ್ ಅಂದ್ರ ಎಣ್ಣಿಬಾವಿಯಿಂದ ಬಂದದ್ದು ಅಂತ ನಾ ತಿಳದಿದ್ದೆ. ಮದಲನೇ ಪ್ಲಾಸ್ಟಿಕ್ ಬಂದದ್ದು ಹೊಲದಾಗಿನ ಹತ್ತಿಯಿಂದ. 1846ರಾಗ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಾಗ ಶೋನ್‌ಬೈನ್ ಅನ್ನೋ ಪಂಡಿತ ಹತ್ತಿಗಿ ನೈಟ್ರಿಕ್ ಮತ್ತ ಸಲ್ಫ್ಯೂರಿಕ್ ಆಮ್ಲ ಕೂಡಿಸಿದ್ರ ಏನಾಗ್ತೈತಿ ಅನ್ನೂದನ್ನ ಕಂಡುಹಿಡದ. ಹೆಂಡತಿ ಇಲ್ಲದಾಗ ಅಡಗಿಮನಿಯಾಗ ಪ್ರಯೋಗ ಮಾಡ್ತಿದ್ದನಂತ, ಆಮ್ಲ ಚೆಲ್ಲಿತಂತ, ಆಕಿಯ ಹತ್ತಿ ಏಪ್ರನ್‌ಲೇ ಒರಸಿ ಒಲಿ ಮುಂದ ಒಣಾ ಹಾಕಿದ್ರ ಅದು ಭಗ್ ಅಂತ ಉರದು ಮಾಯ ಆತಂತ. ಕಥಿ ಎಷ್ಟು ಖರೇನೋ, ಆ ಹೆಂಡತಿ ತಿರುಗಿ ಬಂದು ಏನಂದ್ಲು ಅನ್ನೂದನ್ನ ಮಾತ್ರ ಯಾರೂ ಬರದಿಟ್ಟಿಲ್ಲ.

ಹಂಗ ಆಮ್ಲ ಕುಡದ ಹತ್ತಿಯಿಂದ ಅಲೆಗ್ಸಾಂಡರ್ ಪಾರ್ಕ್ಸ್ ಅನ್ನಾವ ಒಂದು ಹೊಸ ವಸ್ತು ಮಾಡಿ 1862ರ ಲಂಡನ್ ಪ್ರದರ್ಶನದಾಗ ಇಟ್ಟ. ವ್ಯಾಪಾರದಾಗ ಅದು ನಿಂದ್ರಲಿಲ್ಲ. ಆಮ್ಯಾಲ ಅಮೆರಿಕಾದಾಗ ಜಾನ್ ಹಯಾಟ್ ಅನ್ನಾವ, ಆನಿ ದಂತದ ಬದ್ಲಿ ಬಿಲಿಯರ್ಡ್ಸ್ ಚೆಂಡಿಗಿ ಏನರೆ ಸಿಗ್ತೈತೇನ ಅಂತ ಹುಡುಕ್ಕೋತ ಹೋಗಿ, ಆ ಹತ್ತಿಗಿ ಕರ್ಪೂರ ಕೂಡಿಸಿ ಕಾಸಿ ಒತ್ತಿದ. 1870ರಾಗ ಅದಕ್ಕ ಪೇಟೆಂಟ್ ತಗೊಂಡ. ಅದ ಸೆಲ್ಯುಲಾಯ್ಡ್. ಹತ್ತಿ ಗಟ್ಟಿತನ ಕೊಡ್ತೈತಿ, ಕರ್ಪೂರ ಬಾಗೂ ಗುಣ ಕೊಡ್ತೈತಿ. ನಮ್ಮ ದೇವರ ಜಗಲಿ ಮ್ಯಾಲ ಬತ್ತಿ ಮತ್ತ ಕರ್ಪೂರ ಒಂದ ತಾಟಿನ್ಯಾಗ ಇರ್ತಾವಲ್ಲ, ಅವೆರಡೂ ಸೇರಿ ಬಸ್ಯಾ ಆಗ್ಯಾನ!

ಬಾಚಣಿಗಿ, ಕನ್ನಡಕದ ಕಟ್ಟು, ಹಾರ್ಮೋನಿಯಂ ಪೆಟ್ಟಿಗಿಯ ಬಿಳಿ ಮನಿಗಳ ಮ್ಯಾಲಿನ ಹೊದಿಕಿ, ಟೇಬಲ್ ಟೆನಿಸ್ ಚೆಂಡು, ಎಲ್ಲಾ ಇದರಿಂದ ಆದ್ವು. ಬಂಗಾಲದ ಜೆಸ್ಸೋರ್‌ನಾಗ ಸ್ವದೇಶಿ ಚಳವಳಿ ಕಾಲದಾಗ ಜಪಾನಕ್ಕ ಹೋಗಿ ಕಲತು ಬಂದಾವರು ಸೆಲ್ಯುಲಾಯ್ಡ್ ಬಾಚಣಿಗಿ ಕಾರ್ಖಾನಿ ಹಾಕಿದ್ರು. ಗೊಂಬಿ ವಿಷಯದಾಗ ಜರ್ಮನಿಯ ಮಾನ್‌ಹೈಮ್ ಊರಿನ ಕಾರ್ಖಾನಿ ದೊಡ್ಡ ಹೆಸರು, 1896ರಿಂದ ಗೊಂಬಿ ಮಾಡ್ತು, ಅದರ ಗುರುತು ಆಮಿ. ಹಳೇ ಗೊಂಬಿ ಬೆನ್ನ ಮ್ಯಾಲ ಆಮಿ ಇದ್ರ ಅದನ್ನ ಕೂಡಿಸಿ ಇಡಾವ್ರು ಇವತ್ತೂ ಹುಡಕ್ಯಾಡಿ ತಗೋತಾರ.

ಜಪಾನಿನ ಕೈಗಿ ಈ ಧಂದೆ ಹೆಂಗ ಹತ್ತಿತು ಅಂದ್ರ ಅದೂ ಕರ್ಪೂರದಿಂದ. ಕರ್ಪೂರದ ಗಿಡಾ ಹೆಚ್ಚಿಗಿ ಇದ್ದದ್ದು ತೈವಾನ್ ದ್ವೀಪದಾಗ. 1895ರಾಗ ಅದು ಜಪಾನಿನ ವಶ ಆತು, 1899ರಾಗ ಜಪಾನ್ ಸರಕಾರ ಕರ್ಪೂರದ ವ್ಯಾಪಾರ ಪೂರಾ ತನ್ನ ಕೈಯಾಗ ಇಟಗೊಂಡ್ತು. ಕಚ್ಚಾ ಮಾಲು ಮನಿಯಾಗ ಇದ್ದಾವರಿಗಿ ಗೊಂಬಿ ಮಾಡೂದು ಏನ ದೊಡ್ಡದು? 1930ರ ಹೊತ್ತಿಗಿ ಜಪಾನಿನ ಸಸ್ತಾ ಆಟಿಗಿ ಸಾಮಾನು ಜಗತ್ತಿನ ತುಂಬ ಹರಡಿದ್ವು. ಮುಂಬೈ ಬಂದರಿಗಿ ಇಳದದ್ದು ಪುಣೆಗಿ, ಪುಣೆಯಿಂದ ನಮ್ಮ ತೇರದಾಳ ತನಕ ಬಂತು. ಮುಂದ 1941ರಾಗ ಜಪಾನ್ ಯುದ್ಧಕ್ಕ ಇಳದ ಮ್ಯಾಲ ಆ ದಾರಿ ಬಂದ್ ಆತು. ಯುದ್ಧ ಮುಗದ ಮ್ಯಾಲ ಬಂದ ಸಾಮಾನಿನ ಮ್ಯಾಲ 1952ರ ತನಕ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಅಂತ ಒತ್ತಿರ್ತೈತಿ. ಬರೇ ‘ಜಪಾನ್’ ಅಂತ ಇರೋ ನಮ್ಮ ಬಸ್ಯಾ ಅಣ್ಣ ತಂದ ವರ್ಷಕ್ಕ ಸರಿ ಹೊಂದ್ತಾನ. (ಇಂದು ನಾವು ಆರತಿಗಿ ಹಚ್ಚೂ ಕರ್ಪೂರ ಬಹಳಷ್ಟು ಕರ್ಪೂರದ ಗಿಡದ್ದ ಅಲ್ಲ, ಪೈನ್ ಗಿಡದ ಟರ್ಪೆಂಟೈನ್ ಎಣ್ಣಿಯಿಂದ ಮಾಡಿದ್ದು. ಇದನ್ನ ಅತ್ತಿಗಿ ಹೇಳಿಲ್ಲ.)

ಗೊಂಬಿ ಮಾಡೂ ರೀತಿ ಕೇಳಿದಾಗ ನನಗ ಗೌರಿ ಹುಣ್ಣಿವಿ ನೆನಪಾತು. ನಮ್ಮ ಕಡೆ ಸಕ್ಕರಿ ಆರತಿ ಮಾಡಾಕ ಕಟಗಿ ಅಚ್ಚು ಇರ್ತಾವಲ್ಲ, ಎರಡು ಭಾಗ ಕೂಡಿಸಿ ದಾರ ಕಟ್ಟಿ ಪಾಕ ಸುರೀತೀವಿ, ಆರಿದ ಮ್ಯಾಲ ತಗದ್ರ ಆನಿ, ಕುದರಿ, ತೇರು. ಗೊಂಬಿ ಮಗ್ಗಲಿಗಿ ಅಚ್ಚು ಕೂಡಿದ ಗೆರಿ ಉಳೀತೈತಿ. ಬಸ್ಯಾನ ಮಗ್ಗಲಿಗೂ ಅಂಥಾದ್ದ ಗೆರಿ ಐತಿ. ಸೆಲ್ಯುಲಾಯ್ಡಿನ ಎರಡು ತೆಳ್ಳನ ಹಾಳಿ ಅಚ್ಚಿನ ನಡುವ ಇಟ್ಟು, ನಡುವ ಬಿಸಿ ಉಗಿ ಊದ್ತಾರ. ಹಾಳಿ ಮೆತ್ತಗಾಗಿ ಉಬ್ಬಿ ಅಚ್ಚಿಗಿ ಹತ್ತತಾವು, ಅಂಚು ಕೂಡತಾವು. ಅದಕ್ಕ ಒಳಗ ಟೊಳ್ಳು. ಬಿರುಕು ಬಿಡೂದು ಮದಲು ಆ ಗೆರಿ ಗುಂಟ, ಇಲ್ಲಂದ್ರ ಬೆರಳು, ಕಿವಿಯಂಥಾ ತೆಳುವಾದ ಕಡೆ.

ಮಗಳು ದೀಪದ ಮುಂದ ಇಡಬ್ಯಾಡ ಅಂದದ್ದು ಸುಮ್ಮನ ಅಲ್ಲ. ಒಂದ ಹತ್ತಿಗಿ ಅದ ಆಮ್ಲ ಇನ್ನೂ ಜಾಸ್ತಿ ಕುಡಿಸಿದ್ರ ಅದು ಬಂದೂಕಿನ ಮದ್ದು. 1932ರ ಡಿಸೆಂಬರ್ 16ಕ್ಕ ಟೋಕಿಯೋದ ಶಿರೋಕಿಯಾ ಅನ್ನೋ ದೊಡ್ಡ ಅಂಗಡಿಯ ಆಟಿಗಿ ವಿಭಾಗದಾಗ ಕ್ರಿಸ್‌ಮಸ್ ಗಿಡದ ವಿದ್ಯುತ್ ದೀಪದ ಕಿಡಿ ಸೆಲ್ಯುಲಾಯ್ಡ್ ಗೊಂಬಿಗೋಳಿಗಿ ಹತ್ತಿ, ಹದಿನಾಲ್ಕು ಮಂದಿ ಸತ್ರು. ನಾವು ಎಷ್ಟ ವರ್ಷದಿಂದ ಬಸ್ಯಾನ್ನ ಎರಡು ಸಮೆಗಳ ನಟ್ಟನಡುವ ಇಟ್ಟು ಕರ್ಪೂರದ ಆರತಿ ಎತ್ತೀವಿ! ನೆನಸಿಕೊಂಡ್ರ ಮೈ ಜುಂ ಅಂತೈತಿ.

ಹಳೇ ಸಿನಿಮಾ ರೀಲು ಸುದ್ದಾ ಇದ ವಸ್ತು. ಕನ್ನಡದ ಮದಲನೇ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರಾಗ ಬಂತು, ಅದನ್ನ ತಗದದ್ದು ನಮ್ಮ ಮಗ್ಗಲಿನ ಕೊಲ್ಲಾಪುರದ ಸ್ಟುಡಿಯೋದಾಗ. ಇವತ್ತು ಅದರ ಒಂದ ಪ್ರತಿನೂ ಉಳದಿಲ್ಲ. ಪುಣೆದ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದಾಗ 2003ರ ಜನವರಿ 8ಕ್ಕ ಬೆಂಕಿ ಬಿದ್ದು ಅಲ್ಲಿ ಇಟ್ಟಿದ್ದ ಹಳೇ ನೈಟ್ರೇಟ್ ರೀಲು ಸುಟ್ಟುಹೋದ್ವು. ಬೆಂಕಿ ಬೀಳದ ರೀಲೂ ಡಬ್ಬಿಯಾಗ ಕುಂತಲ್ಲೇ ಅಂಟಾಗಿ ಕಡೀಕ ಕಂದು ಪುಡಿ ಆಗ್ತಾವು. ಬಸ್ಯಾನ ಕಿವಿ ಆಗಿದ್ದು ಅದ.

ಈಗ ನನಗ ಕಾಡಿದ ಪ್ರಶ್ನೆ ಬ್ಯಾರೆ. ಎಂಬತ್ತು ವರ್ಷ ಚೊಲೋ ಇದ್ದಾವ ಐದ ವರ್ಷದಾಗ ಯಾಕ ಹಿಂಗ ಆದ?

ಮದಲಿನ ನಮ್ಮ ಮನಿ ಮಣ್ಣಿನ ಮಾಳಗಿ. ಗ್ವಾಡಿ ಎರಡು ಮಳ ದಪ್ಪ, ಮ್ಯಾಲ ಬೆಳಕಿಂಡಿ. ಬ್ಯಾಸಿಗಿಯಾಗ ಹೊರಗ ಬಿಸಲು ನಲವತ್ತು ಡಿಗ್ರಿ ದಾಟಿದ್ರೂ ನಡುಮನಿಯಾಗ ತಣ್ಣಗ ಇರ್ತಿತ್ತು. ಅತ್ತಿ ಬಸ್ಯಾನ್ನ ಹಳೇ ಧೋತರದ ಅರಿವ್ಯಾಗ ಸಡ್ಲಗ ಸುತ್ತಿ, ಬಿದರಿನ ಬುಟ್ಟಿಯಾಗ ಇಟ್ಟು, ಬುಟ್ಟಿ ನಡುಮನಿ ಮಾಡದಾಗ ಇಡ್ತಿದ್ರು. ಕತ್ತಲಿ, ತಂಪು, ಗಾಳಿ. ಆರು ವರ್ಷದ ಹಿಂದ ಮಾಳಗಿ ಕೆಡವಿ ಸ್ಲ್ಯಾಬಿನ ಮನಿ ಕಟ್ಟಿದ್ವಿ. ಹೊಸ ಮನಿಯಾಗ ಬುಟ್ಟಿ ಯಾಕ, ಜಿರಳಿ ಬರ್ತಾವು ಅಂತ ನಾನ ಬಸ್ಯಾನ್ನ ಪ್ಲಾಸ್ಟಿಕ್ ಚೀಲದಾಗ ಹಾಕಿ ಗಂಟು ಬಿಗದು, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಾಗ ಇಟ್ಟು, ಮ್ಯಾಲ ನಾಲ್ಕು ಡಾಂಬರ್ ಗುಳಗಿ ಹಾಕಿ ಟ್ರಂಕಿಗಿ ಸೇರಿಸಿದೆ. ಟ್ರಂಕ ಸ್ಲ್ಯಾಬಿಗಿ ಹತ್ತಿದ ಲಾಫ್ಟಿನ್ಯಾಗ. ಮೇ ತಿಂಗಳದಾಗ ಆ ಲಾಫ್ಟಿಗಿ ಕೈ ಹಾಕಿದ್ರ ರೊಟ್ಟಿ ಹಂಚಿನ ಮಗ್ಗಲ ಕೈ ಇಟ್ಟಂಗ.

ಸೆಲ್ಯುಲಾಯ್ಡ್ ಹಳೇದಾಗ್ತಾ ಆಗ್ತಾ ಒಳಗಿನ ಕರ್ಪೂರ ಮೆಲ್ಲಕ ಹಾರ್ತೈತಿ, ಮೈ ಕುಗ್ಗಿ ಬಿರುಕು ಬಿಡ್ತೈತಿ. ಅದರ ಜೋಡಿ ಹತ್ತಿ ಕುಡದಿದ್ದ ಆಮ್ಲ ಹೊಗಿಯಾಗಿ ಹೊರಗ ಬರ್ತೈತಿ. ಆ ಹೊಗಿ ಗಾಳಿಗಿ ಹೋದ್ರ ಪಾಡ. ಡಬ್ಬಿಯಾಗ ಸಿಕ್ಕೊಂಡ್ರ ತಿರುಗಿ ಗೊಂಬಿ ಮೈನ್ನ ತಿಂತೈತಿ, ತಿಂದಷ್ಟು ಹೊಗಿ ಹೆಚ್ಚು, ಹೊಗಿ ಹೆಚ್ಚಾದಷ್ಟು ತಿನ್ನೂದು ಹೆಚ್ಚು. ಶಕಿ ಇದ್ರಂತೂ ಕೇಳೂದ ಬ್ಯಾಡ. ತಗಡಿಗಿ ತುಕ್ಕು ಹಿಡದದ್ದು, ಗಂಟಿ ಹಸರಾದದ್ದು, ಕಾಗದ ಮುರಕಲಾದದ್ದು ಎಲ್ಲಾ ಆ ಹೊಗಿಯಿಂದ. ನಾ ಜ್ವಾಕಿ ಅಂತ ಮಾಡಿದ್ದ ಒಂದೊಂದೂ ಅವನ ಉಸರು ಕಟ್ಟಸಿತ್ತು.

ಹಂಗಾದ್ರ ಹೋದ ಕರ್ಪೂರ ತಿರುಗಿ ತುಂಬಿದ್ರ ಹೆಂಗ, ಡಬ್ಬಿಯಾಗ ನಾಲ್ಕು ಕರ್ಪೂರ ಇಡ್ಲೇನು ಅಂತ ಕೇಳಿದೆ. ಮಗಳು ನಕ್ಕಳು. ಹೊರಗ ಇಟ್ಟ ಕರ್ಪೂರ ಮುರದ ಕೊಂಡಿ ಕೂಡಸೂದಿಲ್ಲ, ಮ್ಯಾಲಿನ ಬಣ್ಣ ಮತ್ತ ಮಗ್ಗಲಿದ್ದ ಬ್ಯಾರೆ ಪ್ಲಾಸ್ಟಿಕನ್ನ ಮೆತ್ತಗ ಮಾಡ್ತೈತಿ ಅಷ್ಟ. ಡಾಂಬರ್ ಗುಳಗಿದೂ ಅದ ಕೆಲಸ. ಕೈ ಅಂಟಸೂದೂ ಬ್ಯಾಡ ಅಂದ್ಲು. ಐದು ರೂಪಾಯಿ ಅಂಟು ಕಲ್ಲಾಗಿ ಕೂಡ್ತೈತಿ, ಮುಂದ ತಗೀಬೇಕಂದ್ರ ಬರೂದಿಲ್ಲ, ಅದರ ಮಗ್ಗಲಿಗಿ ಹೊಸ ಬಿರುಕು ಬಿಡ್ತೈತಿ. ವಸ್ತುಸಂಗ್ರಹಾಲಯದಾವರು ರಿಪೇರಿ ಮಾಡಿದ್ರ ಮುಂದ ಬಿಚ್ಚಾಕ ಬರೂ ಹಂಗ ಮಾಡ್ತಾರಂತ. ಅಂಥಾ ಕೆಲಸಕ್ಕ ಮೈಸೂರಿನ್ಯಾಗ ಕೇಂದ್ರ ಸರಕಾರದ ಸಂರಕ್ಷಣಾ ಪ್ರಯೋಗಾಲಯದ ಶಾಖಿ ಐತಿ. ಬಸ್ಯಾನ್ನ ಅಷ್ಟು ದೂರ ಬಸ್ಸಿನ್ಯಾಗ ಒಯ್ದ್ರ ಮುಟ್ಟೂದ್ರೊಳಗ ಹಿಟ್ಟಾಗ್ತಾನ ಅಂತ ನಾ ಬಿಟ್ಟೆ.

ಕಡೀಕ ನಾ ಮಾಡಿದ್ದು ಇಷ್ಟ. ಚಾವಿ ತಿರುವೂದು ಬಂದ್. ಬಸ್ಯಾನ್ನ ತಗಡಿಗಿ ಹಿಡಿಸಿದ ಕೊಂಡಿ ಸಡಲಾಗಿತ್ತು, ಹಗೂರಕ ಬಿಡಿಸಿ ಹುಡುಗನ್ನ ಬ್ಯಾರೆ, ಸೈಕಲ್ ಬ್ಯಾರೆ ಇಟ್ಟೆ. ಧೂಳನ್ನ ಒಣಾ ಮೆತ್ತನ ಬ್ರಶ್‌ಲೇ ಝಾಡಿಸಿದೆ. ನೀರಿಲ್ಲ, ಎಣ್ಣಿಲ್ಲ, ಸ್ಪಿರಿಟ್ ಇಲ್ಲ. ಬಿಳಿ ಹತ್ತಿ ಅರಿವಿ ಎರಡು ಸರ್ತಿ ಬರೇ ನೀರಾಗ ಕುದಿಸಿ ಗಂಜಿ ಹೋಗೂ ಹಂಗ ಒಗದು, ಅದನ್ನ ಹಾಸಿ ರಟ್ಟಿನ ಪೆಟ್ಟಿಗಿಯಾಗ ಮಲಗಿಸಿದೆ. ಪೆಟ್ಟಿಗಿಗಿ ನಾಲ್ಕೂ ಕಡೆ ತೂತು. ಉದುರಿದ ಕೈ ಸಣ್ಣ ಕಾಗದದ ಪೊಟ್ಟಣದಾಗ, ಮ್ಯಾಲ ‘ಎಡಗೈ’ ಅಂತ ಬರದು ಮಗ್ಗಲ ಇಟ್ಟೀನಿ. ಸಂಗ್ರಹಾಲಯದಾಗ ಹೊಗಿ ಹೀರಾಕ ಸಕ್ರಿಯ ಇಂಗಾಲ ಇಡ್ತಾರಂತ, ನಾ ಒಲಿಯ ಇದ್ದಲಿ ಪುಡಿ ಮಾಡಿ ಅರಿವಿ ಗಂಟು ಕಟ್ಟಿ ಇಟ್ಟೀನಿ. ಅದರಷ್ಟು ಬಲ ಇದಕ್ಕಿಲ್ಲ, ಆದ್ರ ಮನಿಯಾಗ ಇರೂದು ಅದ. ಪೆಟ್ಟಿಗಿ ಬಡಗಣ ಕೋಣಿಯ ಕೆಳಗಿನ ಕಪಾಟಿನ್ಯಾಗ. ಅಡಗಿಮನಿಯಿಂದ, ದೇವರಮನಿಯಿಂದ ದೂರ. ಅರಿವಿ ಹಳದಿ ಆದ್ರ ಬದಲಿ ಮಾಡ್ತೀನಿ. ಪ್ರತಿ ಅಮವಾಸಿಗಿ ತಗದು ಮೂಸಿ ನೋಡ್ತೀನಿ. ಕರ್ಪೂರದ ವಾಸನಿ ಬಂದ್ರ ಚಿಂತಿಲ್ಲ, ಹುಳಿ ಘಾಟು ಬಂದ್ರ ಅರಿವಿ, ಇದ್ದಲಿ ಎರಡೂ ಹೊಸಾವು.

ಬಸ್ಯಾನ ನೆವದಾಗ ಮನಿಯಾಗಿನ ಬ್ಯಾರೆ ಆಟಿಗಿ ಸಾಮಾನೂ ಶೋಧಿಸಿದೆ. ಮಗಳು ಸಣ್ಣಾಕಿ ಇದ್ದಾಗಿನ ಮೆತ್ತನ ಗೊಂಬಿ ಕೈಗಿ ಜಿಗಟ ಹತ್ತತಿತ್ತು. ಅದು ಪಿ.ವಿ.ಸಿ. ಅದನ್ನ ಮೆತ್ತಗ ಇಡಾಕ ಹಾಕಿದ ಎಣ್ಣಿಯಂಥಾ ಪದಾರ್ಥ ಹೊರಗ ಒಸರತೈತಿ, ಧೂಳು ಅಂಟತೈತಿ. ಕಂಪಾಸ್ ಪೆಟ್ಟಿಗಿಯಾಗ ಅಳಸೂ ರಬ್ಬರ್ ಪ್ಲಾಸ್ಟಿಕ್ ಪಟ್ಟಿಗಿ ಅಂಟಿ ಅಚ್ಚು ಮೂಡಿಸ್ತಿತ್ತಲ್ಲ, ಸಾಲಿಗಿ ಹೋದಾವರು ಎಲ್ಲಾರೂ ನೋಡಿರ್ತೀರಿ, ಅದೂ ಇದ ಆಟ. ಮೊಮ್ಮಗನ ಕಾರಿನ ಮೆತ್ತನ ಗಾಲಿ ಬಿರುಸು ಪ್ಲಾಸ್ಟಿಕಿನ ಬಾಡಿಗಿ ಹತ್ತಿ ಕರಗಿ ಕುಂತಿತ್ತು. ಮೆತ್ತಂದು ಬಿರಸಿಂದು ಕೂಡಿ ಇಡಬಾರದು, ರಬ್ಬರ್ ಬ್ಯಾಂಡ್ ಸುತ್ತಬಾರದು. 1959ರಾಗ ಬಂದ ಬಾರ್ಬಿ ಗೊಂಬಿಗಿ ಮದಲ ಮದಲ ತಾಮ್ರ ಕೂಡಿದ ವಾಲಿ ಹಾಕ್ತಿದ್ರಂತ, ಅದರಿಂದ ಕಿವಿ ಸುತ್ತ ಹಸರು ಕಲಿ ಬಿದ್ದು, ಈಗ ಅಂಥಾ ಗೊಂಬಿ ಇಟಗೊಂಡಾವರು ತಲಿ ಮ್ಯಾಲ ಕೈ ಹೊತ್ತು ಕುಂತಾರ. ಬಿಳಿ ಪ್ಲಾಸ್ಟಿಕ್ ಹಳದಿ ಆದ್ರ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಲಿಗಿ ಇಡಾವರದಾರ. ಬೆಳ್ಳಗಾಗ್ತೈತಿ ಖರೆ, ಆದ್ರ ಹಳದಿ ತಿರುಗಿ ಬರ್ತೈತಿ, ನಡುವ ಸಾಮಾನು ಮುರಕಲಾಗೂ ಅಂಜಿಕಿ ಬ್ಯಾರೆ.

ಪುಣೆದಾಗಿರೋ ಮಗ ಇಂಥಾ ಸೈಕಲ್ಲಿನ ಬೆಲಿ ನೋಡಿ ಹೇಳಿದ, ನಮ್ಮ ತಿಂಗಳ ಕಿರಾಣಿಕಿಂತ ಜಾಸ್ತಿ ಇತ್ತು. ಅದೂ ಹುಡುಗನ ಮೈ ಮುಕ್ಕಾಗದೇ ಇದ್ರ. ಬಣ್ಣ ಬಳದದ್ದು, ಅಂಟು ಹಚ್ಚಿದ್ದು ಇದ್ರ ಅರ್ಧಕ್ಕೂ ಕೇಳೂದಿಲ್ಲಂತ. “ಬರೇ ಸೈಕಲ್ ಮಾರೂಣೇನು? ಇನ್ನ ಆ ಹುಡುಗ ಎಷ್ಟ ದಿನ ಬರ್ತಾನ?” ಅಂದ. ನಮ್ಮ ಮನಿಯವರು ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಮಗ ತಿರುಗಿ ಆ ಮಾತು ತಗದಿಲ್ಲ.

ಹಬ್ಬದ ದಿನ ಮಂಟಪದ ಮುಂದ ಖಾಲಿ ಸೈಕಲ್ ಇಟ್ಟೆ. ಅತ್ತಿ ಕೋಲು ಊರಿಕೋತ ಬಂದು ಬಗ್ಗಿ ನೋಡಿದ್ರು. ಕಣ್ಣು ಮಬ್ಬಾಗ್ಯಾವು, ಆದ್ರ ಇದು ಕಂಡಿತು.

“ಬಸ್ಯಾ ಎಲ್ಲಿ ಹ್ವಾದನವಾ?”

ಸುಳ್ಳು ಹೇಳಬೇಕೂ ಅನಸ್ತು, ಹೇಳಾಕ ಬರಲಿಲ್ಲ. ಬಡಗಣ ಕೋಣಿಗಿ ಕರಕೊಂಡು ಹೋಗಿ ಪೆಟ್ಟಿಗಿ ತಗದು ತೋರಿಸಿದೆ. ಗಲ್ಲಾ ನಾನ ಕೆಡಿಸಿದ್ದು ಅಂತನೂ ಹೇಳಿದೆ. ಅತ್ತಿ ಮುಟ್ಟಲಿಲ್ಲ. ಮೂಗು ಹತ್ರ ಒಯ್ದು ಒಂದ ಸರ್ತಿ ವಾಸನಿ ತಗೊಂಡ್ರು.

“ಅಣ್ಣ ಚೀಲ ತಗದಾಗ ಹಿಂಗ ವಾಸನಿ ಬಂದಿತ್ತು ನೋಡ. ದೇವರ ಗುಡಿ ಹಂಗ” ಅಂದ್ರು. ಆಮ್ಯಾಲ, “ಮುಚ್ಚಳ ಪೂರಾ ಹಾಕಬ್ಯಾಡವಾ, ಸ್ವಲ್ಪ ತಗದಿಡು” ಅಂತ ಹೇಳಿ ಆರತಿಗಿ ಹೊತ್ತಾತು ಅಂತ ಹೊರಗ ನಡದ್ರು.